ಹಂಡೆ, ಬಿಸ್ಕತ್ತು ಮತ್ತು ಹದಿನೆಂಟು ಸಾವಿರ ರೂಪಾಯಿ

2024ರ ದಸರಾ ರಜೆಯಲ್ಲಿ ನನ್ನ ಬ್ಯಾಂಕ್ ಖಾತೆಯಲ್ಲಿ ಮೊದಲ ಸಲ ಐದಂಕಿಯ ಮೊತ್ತ ಕಾಣಿಸಿತು: ₹18,240. ಅರ್ಧ ವಿದ್ಯಾರ್ಥಿವೇತನದ ಹಣ, ಇನ್ನರ್ಧ ಕಂಪ್ಲಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಉಳಿಸಿದ್ದು. ದುಡ್ಡು ಬಂದ ಎರಡನೇ ದಿನವೇ ಅದಕ್ಕೆ ದಾರಿ ತೋರಿಸುವವರು ಹುಟ್ಟಿಕೊಂಡರು. ಹಳೆಯ ಫೋನ್ ಬದಲಿಸು ಅಂದಳು ಒಬ್ಬಳು. ಚೀಟಿ ಹಾಕು ಅಂದರು ಚಿಕ್ಕಮ್ಮ. ಹಾಸ್ಟೆಲ್‌ನಲ್ಲಿರುವ ಗೆಳತಿಯೊಬ್ಬಳು ಮಾತೇ ಆಡದೆ ಒಂದು ರೀಲ್ ಕಳಿಸಿದಳು. ಅದರಲ್ಲಿ ಕೋಟು ಹಾಕಿದ ಒಬ್ಬಾತ ಕೆಂಪಗೆ ಹೊಳೆಯುವ ಲೋಹದ ತುಂಡೊಂದನ್ನು ಕೈಯಲ್ಲಿ ತೂಗುತ್ತಾ, ‘ತಾಮ್ರವೇ ನಾಳೆಯ ಚಿನ್ನ’ ಎನ್ನುತ್ತಿದ್ದ. ಎಲೆಕ್ಟ್ರಿಕ್ ಕಾರು, ಸೋಲಾರ್, ಡೇಟಾ ಸೆಂಟರ್ ಎಲ್ಲದಕ್ಕೂ ತಾಮ್ರ ಬೇಕು, ಗಣಿಗಳು ಸಾಲುವುದಿಲ್ಲ, ಈಗಲೇ ಕೊಂಡಿಡಿ. ಒಂದು ಕೆ.ಜಿಯ ಬಿಸ್ಕತ್ತಿಗೆ ಎಲ್ಲ ಸೇರಿ ₹1,800.

ಹದಿನೆಂಟು ಸಾವಿರಕ್ಕೆ ಸರಿಯಾಗಿ ಹತ್ತು ಬಿಸ್ಕತ್ತು! ಕೊಳ್ಳಲು ದುಡ್ಡಿಲ್ಲದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆನೇನೋ. ದುಡ್ಡಿತ್ತು. ಅದಕ್ಕೇ ಆ ರಾತ್ರಿ ನಿದ್ದೆ ಬರಲಿಲ್ಲ.

ತಾಮ್ರ ನನಗೆ ಹೊಸದಲ್ಲ. ನಾನು ಹೊಸಪೇಟೆಯಲ್ಲಿ ಬಿ.ಇ ಓದುತ್ತಿರುವ ಎಲೆಕ್ಟ್ರಿಕಲ್ ವಿದ್ಯಾರ್ಥಿನಿ. ಅಪ್ಪನದು ಕಂಪ್ಲಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಭತ್ತದ ಗದ್ದೆ, ಬಾಳೆ ತೋಟಗಳ ಪಂಪ್‌ಸೆಟ್ ಸುಟ್ಟರೆ ಅಪ್ಪನ ಅಂಗಡಿಗೇ ಬರುತ್ತವೆ. ಸುಟ್ಟ ವೈಂಡಿಂಗ್ ಕಿತ್ತು, ಸುತ್ತು ಎಣಿಸಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುವುದು ಅವರ ಕೆಲಸ. ಐದು ಎಚ್‌ಪಿ ಮೋಟರ್ ಒಂದರ ಹೊಟ್ಟೆಯಲ್ಲಿ ಸುಮಾರು ನಾಲ್ಕು ಕೆ.ಜಿ ತಾಮ್ರ ಇರುತ್ತದೆ. ನನ್ನ ಶಾಲೆಯ ಫೀಸು, ಬಸ್ ಪಾಸು, ಪುಸ್ತಕ ಎಲ್ಲವೂ ಆ ತಂತಿಯಿಂದಲೇ ಬಂದದ್ದು. ಹಾಗಾಗಿ ‘ತಾಮ್ರದಲ್ಲಿ ಹಣ ಹೂಡಬಹುದೇ’ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಬಿಡುವುದು ನನಗೆ ಮರ್ಯಾದೆಯ ಪ್ರಶ್ನೆಯಾಯಿತು. ರಜೆಯ ಹತ್ತು ದಿನ ಅದನ್ನೇ ಹಿಡಿದು ಕೂತೆ.

ರೀಲ್ ಹೇಳಿದ್ದರಲ್ಲಿ ನಿಜವೆಷ್ಟು?

ಮೊದಲಿಗೆ ಒಪ್ಪಿಕೊಳ್ಳಬೇಕಾದ್ದು: ಆತ ಹೇಳಿದ್ದರಲ್ಲಿ ಸುಳ್ಳು ಕಡಿಮೆ. ವಿದ್ಯುತ್ ಹರಿಸುವುದರಲ್ಲಿ ತಾಮ್ರವನ್ನು ಮೀರಿಸುವ ಲೋಹ ಬೆಳ್ಳಿಯೊಂದೇ. ಬೆಳ್ಳಿಯಲ್ಲಿ ಮೋಟರ್ ಸುತ್ತಲು ಯಾರಿಂದಲೂ ಆಗದು. ಪೆಟ್ರೋಲ್ ಕಾರಿನಲ್ಲಿ 20–25 ಕೆ.ಜಿ ತಾಮ್ರ ಇದ್ದರೆ ಬ್ಯಾಟರಿ ಕಾರಿಗೆ 80 ಕೆ.ಜಿ ಆಸುಪಾಸು ಬೇಕು. ತೂತುಕುಡಿಯ ದೊಡ್ಡ ತಾಮ್ರ ಶುದ್ಧೀಕರಣ ಘಟಕ 2018ರಲ್ಲಿ ಮುಚ್ಚಿದ ಮೇಲೆ ನಮ್ಮ ದೇಶ ತಾಮ್ರಕ್ಕಾಗಿ ಹೊರಗಿನವರನ್ನು ನೆಚ್ಚಿಕೊಳ್ಳುವುದು ಹೆಚ್ಚಾಯಿತು. ನಮ್ಮ ಪಕ್ಕದ ಚಿತ್ರದುರ್ಗದ ಇಂಗಳದಾಳಿನಲ್ಲಿಯೂ ಒಂದು ಕಾಲಕ್ಕೆ ತಾಮ್ರದ ಗಣಿ ಇತ್ತು. ಈಗ ಅದೂ ಇಲ್ಲ. ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ 2024ರ ಮೇ ತಿಂಗಳಲ್ಲಿ ತಾಮ್ರ ಟನ್ನಿಗೆ 11,000 ಡಾಲರ್ ದಾಟಿ ಆವರೆಗಿನ ದಾಖಲೆ ಮುರಿಯಿತು.

ಇಷ್ಟೆಲ್ಲ ನಿಜ. ಆದರೆ ‘ತಾಮ್ರಕ್ಕೆ ಬೇಡಿಕೆ ಇದೆ’ ಎನ್ನುವುದು ಒಂದು ಮಾತು, ‘ತಾಮ್ರದ ಬಿಸ್ಕತ್ತು ಕೊಂಡರೆ ನನಗೆ ಲಾಭ’ ಎನ್ನುವುದು ಬೇರೆಯೇ ಮಾತು. ಇವೆರಡರ ನಡುವೆ ಇರುವ ಅಂತರ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕತೊಡಗಿದೆ.

ಆಗ ಸಗಟು ಮಾರುಕಟ್ಟೆಯಲ್ಲಿ ತಾಮ್ರದ ದರ ಕೆ.ಜಿಗೆ ₹850ರ ಆಸುಪಾಸಿನಲ್ಲಿತ್ತು. ಲೆಕ್ಕ ಸುಲಭವಾಗಲೆಂದು, ಬಿಸ್ಕತ್ತಿನವನಿಗೆ ಸ್ವಲ್ಪ ಅನುಕೂಲವೂ ಆಗಲೆಂದು ₹900 ಅಂತಲೇ ಇಟ್ಟುಕೊಳ್ಳೋಣ. ತಾಮ್ರಕ್ಕೆ ಜಿಎಸ್‌ಟಿ ಶೇ 18, ಅಂದರೆ ₹162. ಚಿನ್ನಕ್ಕಾದರೆ ಶೇ 3 ಮಾತ್ರ. ಉದ್ಯಮ ನಡೆಸುವವರು ಕಟ್ಟಿದ ಜಿಎಸ್‌ಟಿಯನ್ನು ಮುಂದಿನ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು, ಮನೆಯಲ್ಲಿ ಇಟ್ಟುಕೊಳ್ಳುವ ನಮಗೆ ಅದು ಹೋದ ಹಣ. ಒಟ್ಟು ₹1,062 ಆಯಿತು. ಉಳಿದ ₹738 ಯಾವುದಕ್ಕೆ? ಅಚ್ಚು ಹಾಕಿದ್ದಕ್ಕೆ, ‘999.9 ಶುದ್ಧ’ ಎಂದು ಬರೆದದ್ದಕ್ಕೆ, ಡಬ್ಬಿಗೆ, ಕೊರಿಯರ್‌ಗೆ, ಮಾರುವವನ ಲಾಭಕ್ಕೆ. ಅಂದರೆ ನಾನು ಕೊಡುವ ₹1,800ರಲ್ಲಿ ತಾಮ್ರ ಅರ್ಧ, ತಾಮ್ರವಲ್ಲದ್ದು ಇನ್ನರ್ಧ.

ಮಾರುವವರಿಗೇ ಒಂದು ಮೆಸೇಜ್ ಹಾಕಿದೆ: ‘ಇದನ್ನು ನಾಳೆ ನಾನು ವಾಪಸ್ ಕೊಟ್ಟರೆ ಎಷ್ಟಕ್ಕೆ ತಗೋತೀರಿ?’ ಉತ್ತರ ಅರ್ಧ ಗಂಟೆಯಲ್ಲಿ ಬಂತು: ‘ನಮ್ಮಲ್ಲಿ ಮರುಖರೀದಿ ಇಲ್ಲ.’

ಗುಜರಿಯವರ ತಕ್ಕಡಿ

ಹಾಗಾದರೆ ತಗೊಳ್ಳುವವರು ಯಾರು? ಅಪ್ಪನ ಸುಟ್ಟ ತಂತಿ ಕೊಳ್ಳುವ ಗುಜರಿ ಅಂಗಡಿಯ ಕಾಕಾ ಒಬ್ಬರಿದ್ದಾರೆ. ಅವರ ಬಳಿ ಹೋಗಿ, ಫೋನಿನಲ್ಲಿ ಬಿಸ್ಕತ್ತಿನ ಚಿತ್ರ ತೋರಿಸಿ, ಇದಕ್ಕೆಷ್ಟು ಕೊಡ್ತೀರಿ ಎಂದು ಕೇಳಿದೆ. ಕನ್ನಡಕ ಏರಿಸಿಕೊಂಡು ನೋಡಿದರು.

‘ಬಿಸ್ಕೀಟು ಆದ್ರೇನವ್ವಾ, ಬಿಂದಿಗೆ ಆದ್ರೇನು. ನಮ್ ತಕ್ಕಡಿಗೆ ಎಲ್ಲಾ ತಾಮ್ರನೇ. ಒಳಗೆ ಏನೈತೋ ಅಂತ ಒಂದು ತೂತು ಹೊಡೆದು ನೋಡ್ತೀನಿ. ಚೊಕ್ಕ ಇದ್ರೆ ಏಳುನೂರೈವತ್ತು. ಮತ್ತೆ ಬಿಲ್ಲು ತಗಂಬಾ. ಕಂಬದ ವೈರು, ಟಿಸಿ ಒಳಗಿನ ತಾಮ್ರ ಕದ್ದು ಕರಗಿಸಿ ತರೋರು ಇರ್ತಾರೆ. ಪೊಲೀಸ್ರಿಗೆ ನಾನು ಉತ್ತರ ಹೇಳಬೇಕು.’

ಕಾಕಾ ಮೋಸದವರಲ್ಲ. ಅವರೂ ಸಾಗಿಸಬೇಕು, ಕರಗಿಸುವವರಿಗೆ ಮಾರಬೇಕು, ನಡುವೆ ತಮ್ಮ ಹೊಟ್ಟೆ ನೋಡಿಕೊಳ್ಳಬೇಕು. ಮಾರುಕಟ್ಟೆ ದರದ ಆರರಲ್ಲಿ ಐದು ಭಾಗ ಕೊಡುವುದು ನ್ಯಾಯವೇ. ಆದರೆ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ₹1,800ಕ್ಕೆ ಕೊಂಡದ್ದು ಆ ಕ್ಷಣಕ್ಕೆ ₹750. ನನ್ನ ಅಸಲು ವಾಪಸ್ ಬರಬೇಕಾದರೆ ತಾಮ್ರದ ಮಾರುಕಟ್ಟೆ ದರ ₹2,160 ಆಗಬೇಕು, ಎಂದರೆ ₹900ರ 2.4 ಪಟ್ಟು. ವರ್ಷಕ್ಕೆ ಶೇ 10ರಂತೆ ಏರುತ್ತಲೇ ಹೋದರೂ ಅದಕ್ಕೆ ಒಂಬತ್ತು ವರ್ಷ ದಾಟುತ್ತದೆ. ಅದು ಲಾಭಕ್ಕಲ್ಲ, ಬರೀ ಅಸಲಿಗೆ! ಅದೇ ₹18,000ವನ್ನು ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ಹತ್ತು ವರ್ಷಕ್ಕೆ ₹35,400 ಆಗುತ್ತದೆ. ಅದಕ್ಕೆ ಯಾವ ರೀಲೂ ಬೇಡ.

ಗುಜರಿ ಅಂಗಡಿಯ ಆ ತಕ್ಕಡಿ ನನಗೆ ಮೊದಲೇ ಗೊತ್ತಿತ್ತು. 2023ರಲ್ಲಿ ನಾನು ಮೊದಲ ವರ್ಷಕ್ಕೆ ಸೇರುವಾಗ ಫೀಸಿಗೆ ಐದು ಸಾವಿರ ಕಡಿಮೆ ಬಿತ್ತು. ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದ ಅಜ್ಜಿಯ ತಾಮ್ರದ ಹಂಡೆಯನ್ನು ಅಪ್ಪ ಸೈಕಲ್ ಹಿಂದೆ ಕಟ್ಟಿಕೊಂಡು ಹೊರಟಾಗ ಜೊತೆಗೆ ನಾನೂ ಹೋಗಿದ್ದೆ. ಅಜ್ಜಿಯ ತವರಿನವರು ಮದುವೆಯಲ್ಲಿ ಕೊಟ್ಟ ಹಂಡೆ ಅದು. ಒಂಬತ್ತು ಕೆ.ಜಿ ತೂಗಿತು. ಮಸಿಗೆ, ಒಳಗೆ ಕಟ್ಟಿದ್ದ ಸುಣ್ಣದ ಗಾರಿಗೆ, ಕಬ್ಬಿಣದ ಬಳೆಗೆ ಎಂದು ಅರ್ಧ ಕೆ.ಜಿ ಕಳೆದರು. ಎಂಟೂವರೆ ಕೆ.ಜಿಗೆ ₹560ರಂತೆ ₹4,760. ಆವತ್ತು ಆ ದುಡ್ಡು ನನ್ನನ್ನು ಕಾಲೇಜಿಗೆ ಸೇರಿಸಿತು, ಸುಳ್ಳು ಹೇಳಬಾರದು. ಕಷ್ಟಕ್ಕೆ ಒದಗಿತು.

ಮನೆಗೆ ಬಂದು ‘ಅಜ್ಜೀ, ಹಂಡೆಗೆ ಇಷ್ಟು ದುಡ್ಡು ಬಂತು’ ಅಂದರೆ ಅಜ್ಜಿ ಹೇಳಿದ್ದು ಒಂದೇ ಮಾತು: ‘ದುಡ್ಡು ಈಗ ಬಂತು. ನಲವತ್ತು ವರ್ಷ ಬಿಸಿನೀರು ಕೊಟ್ಟಿತ್ತಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿ.’ ಆಗ ಅದು ಬೇಸರದ ಮಾತು ಅಂದುಕೊಂಡಿದ್ದೆ. ಅದು ಲೆಕ್ಕದ ಮಾತು ಎಂದು ಈಗ ತಿಳಿಯುತ್ತಿದೆ.

ವರಹಕ್ಕೆ ಮುನ್ನೂರ ಅರವತ್ತು

ಕಂಪ್ಲಿಯಿಂದ ಹೊಸಪೇಟೆಗೆ ಬರುವಾಗ ನನ್ನ ಬಸ್ಸು ಕಮಲಾಪುರದಲ್ಲಿ ನಿಲ್ಲುತ್ತದೆ. ರಜೆಯಲ್ಲಿ ಒಂದು ದಿನ ಅಲ್ಲಿಯೇ ಇಳಿದು ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಹೋದೆ. ಚಿಕ್ಕಂದಿನಲ್ಲಿ ಶಾಲೆಯಿಂದ ಸಾಲಾಗಿ ಕರೆದುಕೊಂಡು ಹೋದಾಗ ಹಂಪಿಯ ಮಾದರಿಯನ್ನು ನೋಡಿ ಓಡಿಬಂದಿದ್ದೆವು. ಈ ಸಲ ನಾಣ್ಯಗಳ ಮುಂದೆ ನಿಂತೆ.

1443ರಲ್ಲಿ ಎರಡನೇ ದೇವರಾಯನ ಕಾಲಕ್ಕೆ ಪರ್ಷಿಯಾದಿಂದ ಬಂದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರದ ನಾಣ್ಯಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಚಿನ್ನದ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಪಣ. ಪಣದ ಆರನೇ ಒಂದು ಪಾಲು ಬೆಳ್ಳಿಯ ತಾರ. ತಾರದ ಮೂರನೇ ಒಂದು ಪಾಲು ತಾಮ್ರದ ಜಿತಲ್. ಗುಣಿಸಿ ನೋಡಿ: ಒಂದು ವರಹಕ್ಕೆ 360 ಜಿತಲ್.

ವರಹದ ತೂಕ ಸುಮಾರು 3.4 ಗ್ರಾಂ. 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿಯ ಗಡಿ ಮುಟ್ಟಿತು. ಆ ದರಕ್ಕೆ ವರಹವೊಂದನ್ನು ಬರೀ ಚಿನ್ನವೆಂದು ತೂಗಿದರೂ ₹34,000 ಆಗುತ್ತದೆ. ಆ 360 ತಾಮ್ರದ ನಾಣ್ಯಗಳನ್ನು, ಒಂದೊಂದು ಮೂರು ಗ್ರಾಂ ಎಂದಿಟ್ಟುಕೊಂಡು, ತಾಮ್ರವೆಂದು ತೂಗಿದರೆ ಒಂದು ಕೆ.ಜಿ ಚಿಲ್ಲರೆ. ಕೆ.ಜಿಗೆ ₹900ರಂತೆ ಸಾವಿರ ರೂಪಾಯಿಯೂ ಹುಟ್ಟುವುದಿಲ್ಲ.

ಒಂದು ಕಾಲಕ್ಕೆ ಸಮನಾಗಿದ್ದವು ಇಷ್ಟು ದೂರ ಹೋದದ್ದು ಹೇಗೆ? ತಾಮ್ರದ ನಾಣ್ಯಕ್ಕೆ ಬೆಲೆ ಕೊಟ್ಟಿದ್ದು ಮುಖ್ಯವಾಗಿ ಅದರ ಮೇಲಿನ ಅಚ್ಚು. ಟಂಕಸಾಲೆಯ ಹಿಂದೆ ಅರಸ ಇದ್ದ, ಅರಸನ ಮಾತಿಗೆ ಬೆಲೆ ಇತ್ತು, ಸಂತೆಯಲ್ಲಿ ನಾಣ್ಯ ನಡೆಯಿತು. 1565ರ ನಂತರ ರಾಜಧಾನಿ ಹಾಳಾದ ಮೇಲೆ ಅಚ್ಚಿನ ಬೆಲೆ ಹೋಯಿತು, ತಾಮ್ರ ಉಳಿಯಿತು. ಚಿನ್ನಕ್ಕೆ ಅಚ್ಚು ಹೋದರೂ ಚಿಂತೆಯಿರಲಿಲ್ಲ.

ಅಲ್ಲಿ ನಿಂತಾಗ ನನಗೆ ಬಿಸ್ಕತ್ತಿನ ₹738 ನೆನಪಾಯಿತು. ನಾನು ಕೊಡಲು ಹೊರಟಿದ್ದೂ ಅಚ್ಚಿಗೇ. ವ್ಯತ್ಯಾಸ ಇಷ್ಟೇ, ಜಿತಲ್ಲಿನ ಅಚ್ಚನ್ನು ನಂಬಿ ಒಂದು ಸಾಮ್ರಾಜ್ಯವೇ ವ್ಯಾಪಾರ ಮಾಡುತ್ತಿತ್ತು. ಈ ಬಿಸ್ಕತ್ತಿನ ಅಚ್ಚನ್ನು ಅದನ್ನು ಹಾಕಿದವರೇ ವಾಪಸ್ ಕೊಳ್ಳುವುದಿಲ್ಲ.

ಇನ್ನು ತೂಕದ ಮಾತು. ಲಕ್ಷ ರೂಪಾಯಿಯ ಚಿನ್ನವನ್ನು ಬೆರಳಿಗೆ ಹಾಕಿಕೊಂಡು ಓಡಾಡಬಹುದು. ಕೆ.ಜಿಗೆ ₹900ರಂತೆ ಲಕ್ಷ ರೂಪಾಯಿಯ ತಾಮ್ರ ಎಂದರೆ 111 ಕೆ.ಜಿ, ಎರಡು ಸಿಮೆಂಟ್ ಚೀಲಕ್ಕಿಂತ ಹೆಚ್ಚು. ಮಂಚದ ಕೆಳಗಿಟ್ಟು ಕಾಯಬೇಕು.

ಸಂಡೂರಿನ ಟಿಪ್ಪರ್

ನನ್ನ ಬೆಂಚಿನಲ್ಲಿ ಕೂರುವ ಗೆಳತಿ ಸಂಡೂರಿನವಳು. ಹತ್ತು ದಿನದಲ್ಲಿ ನಾನು ಬರೆದ ಲೆಕ್ಕವನ್ನೆಲ್ಲ ನೋಡಿ ಅವಳು ಹೇಳಿದಳು: ‘ಮುಂದೆ ರೇಟು ಏರುತ್ತೆ ಅಂತ ಒಂದು ಸಾಲು ಬರೆದೀಯಲ್ಲ, ಇದನ್ನ ನಮ್ಮಪ್ಪ 2007ರಲ್ಲೇ ಕೇಳಿದ್ದ.’

ಅವರ ಮನೆಯ ಕಥೆ ತಾಮ್ರದ್ದಲ್ಲ, ಕಬ್ಬಿಣದ ಅದಿರಿನದು. ಆದರೆ ಲೋಹದ ದರ ನಂಬಿದವರ ಕಥೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾ ಎಷ್ಟು ಅದಿರು ಕೊಟ್ಟರೂ ಕೊಳ್ಳುತ್ತಿತ್ತು. ಸಂಡೂರು, ಹೊಸಪೇಟೆಯ ರಸ್ತೆಗಳು ಕೆಂಪಾದವು. ಹೊಲ ಅಡವಿಟ್ಟು ಲಾರಿ ಕೊಂಡವರಿಗೆ ಲೆಕ್ಕವಿಲ್ಲ. ಅವಳ ಅಪ್ಪನೂ ಸಾಲ ಮಾಡಿ ಎರಡು ಟಿಪ್ಪರ್ ತಂದರು. ದರ ಇಳಿಯುತ್ತದೆ ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ಕೇಳುತ್ತಿರಲಿಲ್ಲವಂತೆ. 2008ರ ಕೊನೆಗೆ ಜಗತ್ತಿನ ಮಾರುಕಟ್ಟೆಯೇ ಕುಸಿಯಿತು. ಹೇಗೋ ಚೇತರಿಸಿಕೊಂಡರು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂತು ನಿಲ್ಲಲಿಲ್ಲ. ಒಂದು ಟಿಪ್ಪರನ್ನು ಸಾಲ ಕೊಟ್ಟವರು ಎಳೆದೊಯ್ದರು. ಇನ್ನೊಂದು ಹುಣಸೆ ಮರದ ಕೆಳಗೆ ಮೂರು ವರ್ಷ ನಿಂತು ತುಕ್ಕು ಹಿಡಿದು ಕೊನೆಗೆ ತೂಕಕ್ಕೆ ಹೋಯಿತು.

‘ರೇಟು ಏರಿದ್ದು ಸುಳ್ಳಲ್ಲ ಕಣೇ. ಆದ್ರೆ ಏರಿದ್ದು ನಮಗೆ ಗೊತ್ತಾಗೋ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತೆ’ ಅಂದಳು.

ಅವಳ ಮಾತು ಕೇಳಿದ ಮೇಲೆ ತಾಮ್ರದ ಹಳೆಯ ದರಗಳನ್ನು ಹುಡುಕಿದೆ. 2011ರ ಫೆಬ್ರುವರಿಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತ್ತು. ಆಗಲೂ ‘ಇನ್ನು ಇಳಿಯುವುದಿಲ್ಲ’ ಎಂದವರಿದ್ದರು. 2016ರ ಜನವರಿಯಲ್ಲಿ ಅದು 4,500 ಡಾಲರಿಗಿಂತ ಕೆಳಗಿತ್ತು. ಅರ್ಧಕ್ಕೂ ಕಡಿಮೆ! 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಮತ್ತೆ 5,000ದ ಕೆಳಗೆ. ಮುಂದಿನ ವರ್ಷವೇ 10,000ದ ಮೇಲೆ.

ರೂಪಾಯಿಗೆ ಬದಲಿಸಿ ನೋಡೋಣ. 2011ರಲ್ಲಿ ಡಾಲರಿಗೆ ಸುಮಾರು ₹45. ಕೆ.ಜಿ ತಾಮ್ರ ₹450. 2024ರ ಮೇನಲ್ಲಿ ಡಾಲರಿಗೆ ₹83. ಕೆ.ಜಿಗೆ ₹913. ಹದಿಮೂರು ವರ್ಷದಲ್ಲಿ ಎರಡು ಪಟ್ಟು, ಎಂದರೆ ವರ್ಷಕ್ಕೆ ಶೇ 5.5ರ ಹತ್ತಿರ. ಅದರಲ್ಲೂ ಬಹುಪಾಲು ತಾಮ್ರ ಏರಿದ್ದರಿಂದಲ್ಲ, ರೂಪಾಯಿ ಇಳಿದದ್ದರಿಂದ. ಆದರೆ 2016ರ ಜನವರಿಯಲ್ಲಿ ₹300ರ ಆಸುಪಾಸಿನಲ್ಲಿ ಕೊಂಡಿದ್ದವನಿಗೆ ಎಂಟು ವರ್ಷದಲ್ಲಿ ಮೂರು ಪಟ್ಟಾಗಿದೆ. ಎರಡೂ ಒಂದೇ ಲೋಹ. ಯಾವಾಗ ಕೊಂಡೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 2016ರಲ್ಲಿ ತಾಮ್ರ ಕೊಳ್ಳಿ ಎಂದು ಯಾರೂ ರೀಲ್ ಮಾಡುತ್ತಿರಲಿಲ್ಲ ಎನ್ನುವುದನ್ನೂ ನೆನಪಿಡಿ.

ಹೊಲ ಬಾಡಿಗೆ ಕೊಡುತ್ತದೆ, ಠೇವಣಿ ಬಡ್ಡಿ ಕೊಡುತ್ತದೆ, ಒಳ್ಳೆಯ ಕಂಪನಿಯ ಷೇರು ಡಿವಿಡೆಂಡ್ ಕೊಡುತ್ತದೆ. ತಾಮ್ರದ ಗಟ್ಟಿ ಏನೂ ಕೊಡದೆ ಸುಮ್ಮನೆ ಕೂತಿರುತ್ತದೆ. ದರ ತೀರಾ ಏರಿದರೆ ತಯಾರಕರು ಅಲ್ಯುಮಿನಿಯಂ ಕಡೆ ತಿರುಗುತ್ತಾರೆ. ಅದರ ವಾಹಕತೆ ತಾಮ್ರದ ಶೇ 60ರಷ್ಟೇ ಆದರೂ ತೂಕ ಮೂರನೇ ಒಂದು ಪಾಲಿಗಿಂತ ಕಡಿಮೆ. ವಿದ್ಯುತ್ ಕಂಬಗಳ ತಂತಿ ಎಂದೋ ಅಲ್ಯುಮಿನಿಯಂ ಆಗಿದೆ. ಅಗ್ಗದ ಫ್ಯಾನು, ಮೋಟರುಗಳಲ್ಲಿ ಅಲ್ಯುಮಿನಿಯಂ ವೈಂಡಿಂಗ್ ಬರುವುದನ್ನು ಅಪ್ಪನ ಅಂಗಡಿಯಲ್ಲಿ ನಾನೇ ಬಿಚ್ಚಿ ನೋಡಿದ್ದೇನೆ. ಚಿನ್ನದ ತಾಳಿಯ ಬದಲು ಅಲ್ಯುಮಿನಿಯಂ ತಾಳಿ ಕಟ್ಟುವವರಿಲ್ಲ. ಚಿನ್ನಕ್ಕೂ ತಾಮ್ರಕ್ಕೂ ಇರುವ ದೊಡ್ಡ ಭೇದ ಇದೇ ಅನ್ನಿಸಿತು.

ಕಾಗದದ ತಾಮ್ರ

ಬಿಸ್ಕತ್ತು ಬೇಡವೆಂದರೆ ಎಂಸಿಎಕ್ಸ್‌ನಲ್ಲಿ ವ್ಯಾಪಾರ ಮಾಡು ಎಂದು ಸೀನಿಯರ್ ಒಬ್ಬರು ಸಲಹೆ ಕೊಟ್ಟರು. ಅಲ್ಲಿ ಅಚ್ಚಿನ ಹಣವಿಲ್ಲ, ದರ ಪಾರದರ್ಶಕ, ಅದು ಸರಿ. ಆದರೆ ಅಲ್ಲಿನ ಒಂದು ಲಾಟ್ ಎಂದರೆ 2,500 ಕೆ.ಜಿ ತಾಮ್ರ, ಕೆ.ಜಿಗೆ ₹900ರಂತೆ ₹22.5 ಲಕ್ಷದ ಮಾಲು. ಅದರ ಒಂದು ಪಾಲನ್ನು ಮಾರ್ಜಿನ್ ಎಂದು ಕಟ್ಟಿ ಆಡಬೇಕು. ದರ ಕೆ.ಜಿಗೆ ಒಂದು ರೂಪಾಯಿ ಕದಲಿದರೆ ₹2,500 ಬರುತ್ತದೆ ಇಲ್ಲವೇ ಹೋಗುತ್ತದೆ. ಹತ್ತು ರೂಪಾಯಿ ಇಳಿದರೆ ₹25,000 ನಷ್ಟ. ನನ್ನ ಇಡೀ ಉಳಿತಾಯಕ್ಕಿಂತ ಹೆಚ್ಚು. ಅದು ಕೇಬಲ್ ಕಾರ್ಖಾನೆಯಂಥವರು ದರದ ಏರಿಳಿತದಿಂದ ತಪ್ಪಿಸಿಕೊಳ್ಳಲೆಂದು ಇರುವ ಜಾಗ. ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಬಗ್ಗೆ ಸೆಬಿ 2024ರಲ್ಲಿ ಹೊರತಂದ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ಸಣ್ಣ ವ್ಯಾಪಾರಿಗಳು ಹಣ ಕಳೆದುಕೊಂಡಿದ್ದರು. ಅದು ತಾಮ್ರದ ಲೆಕ್ಕವಲ್ಲ ನಿಜ. ಆಟ ಮಾತ್ರ ಅದೇ ಜಾತಿಯದು.

ಹಿಂದೂಸ್ತಾನ್ ಕಾಪರ್‌ನಂಥ ಕಂಪನಿಯ ಷೇರು ಕೊಳ್ಳಬಹುದು. ಆದರೆ ಆಗ ಕೊಳ್ಳುತ್ತಿರುವುದು ಒಂದು ಕಂಪನಿಯನ್ನು, ಅದರ ಗಣಿ, ಖರ್ಚು, ಆಡಳಿತ ಎಲ್ಲವನ್ನೂ. ಅದನ್ನು ಅಭ್ಯಾಸ ಮಾಡದೆ ‘ತಾಮ್ರ’ ಎಂಬ ಹೆಸರು ನೋಡಿ ಕೊಂಡರೆ ಅದೂ ಅಚ್ಚು ನೋಡಿ ಕೊಂಡಂತೆಯೇ.

ಕೆಲಸಕ್ಕೆ ಹೋದ ತಾಮ್ರ

ಇಷ್ಟು ಹೊತ್ತಿಗೆ ರಜೆ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ಅಂಗಡಿಯಲ್ಲಿ ಅಪ್ಪನ ಖಾತೆ ಪುಸ್ತಕ ನೋಡುತ್ತಿದ್ದೆ. ಅಪ್ಪ ಹೊಸಪೇಟೆಯಿಂದ ವೈಂಡಿಂಗ್ ತಂತಿಯನ್ನು ಐದೈದು ಕೆ.ಜಿಯಂತೆ ಉದ್ರಿ ತರುತ್ತಾರೆ. ಉದ್ರಿ ದರ ₹1,180. ಪಕ್ಕದಲ್ಲಿ ನಗದು ದರ ಬರೆದಿತ್ತು: ₹1,120. ಕೆ.ಜಿಗೆ ಅರವತ್ತು ರೂಪಾಯಿ ಫರಕು!

‘ಅಪ್ಪಾ, ನಗದಿಗೇ ತರಬಹುದಲ್ಲ?’

‘ನಗದು ಇದ್ರೆ ತರ್ತಿದ್ನವ್ವಾ’ ಅಂದರು, ಸ್ಟೇಟರ್‌ನಿಂದ ಕಣ್ಣು ತೆಗೆಯದೆ.

ಇಷ್ಟು ದಿನ ತಾಮ್ರದಲ್ಲಿ ಹಣ ಹೂಡುವುದು ಹೇಗೆ ಎಂದು ಲಂಡನ್ನಿನವರೆಗೆ ಹುಡುಕಿದ್ದೆ. ಉತ್ತರ ನಮ್ಮ ಅಂಗಡಿಯ ಮೊಳೆಗೆ ನೇತುಹಾಕಿದ ಪುಸ್ತಕದಲ್ಲಿತ್ತು.

ಅಪ್ಪ ಒಪ್ಪಲು ಎರಡು ದಿನ ಬೇಕಾಯಿತು. ‘ನಿನ್ನ ಓದಿನ ದುಡ್ಡು’ ಎಂಬುದು ಅವರ ತಕರಾರು. ಕೊನೆಗೆ ಸಾಲವೆಂದೇ ಬರೆದುಕೊಂಡು ತಗೊಂಡರು. ₹17,920ಕ್ಕೆ 16 ಕೆ.ಜಿ ತಂತಿ ಬಂತು. ಭಯ ಇತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಕಡೆಯ ರೈತರು ಎರಡನೇ ಬೆಳೆಯ ಆಸೆಯನ್ನೇ ಬಿಟ್ಟಿದ್ದರು. ಬೆಳೆ ಇಲ್ಲದಿದ್ದರೆ ಮೋಟರ್ ಓಡುವುದಿಲ್ಲ, ಓಡದ ಮೋಟರ್ ಸುಡುವುದೂ ಇಲ್ಲ. ಆದರೆ ಮಳೆ ಮತ್ತೆ ಬಂತು, ಜಲಾಶಯ ತುಂಬಿತು. ಜನವರಿಯಿಂದ ಮೇವರೆಗೆ ಅಂಗಡಿಯಲ್ಲಿ ಕೈ ಬಿಡುವಿರಲಿಲ್ಲ. ವೋಲ್ಟೇಜ್ ಇಳಿದ ದಿನವೆಲ್ಲ ಟ್ರ್ಯಾಕ್ಟರ್‌ನಲ್ಲಿ ಮೋಟರುಗಳು ಬಂದವು. ಆ ಹಣದಿಂದ ತಂತಿ ಮೂರು ಸಲ ಬಂದು ಖರ್ಚಾಯಿತು, ಒಟ್ಟು 48 ಕೆ.ಜಿ. ಉದ್ರಿ ಫರಕಿನಲ್ಲೇ ಉಳಿದದ್ದು ₹2,880. ನನ್ನ ಹಣದ ಮೇಲೆ ಲೆಕ್ಕ ಹಾಕಿದರೆ ಒಂದು ಹಂಗಾಮಿಗೆ ಶೇ 16. ಅಪ್ಪನ ಮಜೂರಿ ಬೇರೆ.

ಇದರಲ್ಲಿ ಅಪಾಯವಿಲ್ಲ ಎಂದು ಹೇಳಲಾರೆ. ಹಾಗೆ ಹೇಳಿದರೆ ನಾನೂ ರೀಲಿನವನಂತೆಯೇ ಆಗುತ್ತೇನೆ. ರೈತರೊಬ್ಬರ ₹3,400 ಬಾಕಿ ಇನ್ನೂ ಬಂದಿಲ್ಲ, ಭತ್ತಕ್ಕೆ ದರ ಸಿಗಲಿಲ್ಲ, ಮುಂದಿನ ಬೆಳೆಗೆ ಕೊಡುತ್ತೇನೆ ಎಂದಿದ್ದಾರೆ. ಅಂದರೆ ನನ್ನ ಲಾಭವೆಲ್ಲ ಸದ್ಯಕ್ಕೆ ಅವರ ಗದ್ದೆಯಲ್ಲಿದೆ. ಮಳೆ ಕೈಕೊಟ್ಟರೆ ಅಂಗಡಿಯೂ ಕೂರುತ್ತದೆ. ಎಲ್ಲರ ಮನೆಯಲ್ಲೂ ರಿವೈಂಡಿಂಗ್ ಅಂಗಡಿ ಇರುವುದಿಲ್ಲ ಎಂಬುದೂ ನನಗೆ ಗೊತ್ತು.

ಆದರೂ ನನ್ನ ವಯಸ್ಸಿನವರಿಗೆ, ಮೊದಲ ಸ್ಟೈಪೆಂಡ್, ಮೊದಲ ಸಂಬಳ ಕೈಗೆ ಬಂದವರಿಗೆ ಎರಡು ಪ್ರಶ್ನೆಗಳನ್ನು ದಾಟಿಸಬೇಕೆನ್ನಿಸುತ್ತದೆ. ತಾಮ್ರವಾಗಲಿ ಬೇರೇನಾಗಲಿ, ಕೊಳ್ಳುವ ಮುಂಚೆ ಮಾರುವವರನ್ನು ಕೇಳಿ: ಇದನ್ನೇ ನಾಳೆ ನನ್ನಿಂದ ಎಷ್ಟಕ್ಕೆ ಕೊಳ್ಳುತ್ತೀರಿ? ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದು ನನ್ನ ಬಳಿ ಇರುವಷ್ಟು ದಿನ ಏನು ಕೆಲಸ ಮಾಡುತ್ತದೆ? ತಾಮ್ರದ ಬಿಸ್ಕತ್ತು ಎರಡರಲ್ಲೂ ಫೇಲ್. ಅಜ್ಜಿಯ ಹಂಡೆ ಮೊದಲನೆಯದರಲ್ಲಿ ಕಷ್ಟಪಟ್ಟು ಪಾಸ್, ಎರಡನೆಯದರಲ್ಲಿ ಡಿಸ್ಟಿಂಕ್ಷನ್.

ಬಸ್ಸಿನಲ್ಲಿ ಓಡಾಡುವಾಗ ಈಗ ಕಾಲುವೆಗಳ ಮೇಲೆ ಕಣ್ಣು ಹೋಗುತ್ತದೆ. ಹೊಸಪೇಟೆಯ ರಾಯ, ಬಸವಣ್ಣ ಕಾಲುವೆ, ಹಂಪಿಯ ತುರ್ತು ಕಾಲುವೆ, ನಮ್ಮೂರಿನ ಕಂಪ್ಲಿ ಕಾಲುವೆ ಎಲ್ಲವೂ ವಿಜಯನಗರದ ಕಾಲದವು. ಅದೇ ಅರಸರು ಟಂಕಿಸಿದ ತಾಮ್ರ ಗಾಜಿನ ಪೆಟ್ಟಿಗೆಯಲ್ಲಿದೆ. ಅವರು ಕಾಲುವೆಗೆ ಹಾಕಿದ ಹಣ ಈಗಲೂ ಬಾಳೆ, ಭತ್ತಕ್ಕೆ ನೀರು ಕೊಡುತ್ತಿದೆ.

ಮೊನ್ನೆ ಅಪ್ಪ ಸಾಲದ ಮೊದಲ ಕಂತು ಎಂದು ₹5,000 ನನ್ನ ಕೈಗಿಟ್ಟರು. ಅಜ್ಜಿ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ‘ಹಂಡೆ ತರ್ತೀಯೇನೇ?’ ಅಂದರು ನಗುತ್ತಾ. ಹೊಸ ಹಂಡೆಯ ದರ ವಿಚಾರಿಸಿದ್ದೇನೆ. ನಾವು ಮಾರಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೂಡಿಕೆ ಅಂತ ನೋಡಿದರೆ ಅದೂ ನಷ್ಟವೇ. ಆದರೂ ಸ್ವಲ್ಪ ಸ್ವಲ್ಪವೇ ಕೂಡಿಡುತ್ತಿದ್ದೇನೆ.